ಬಾಡಿಗೆ ಮಾತ್ರ ನೋಡಬೇಡಿ

ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್, ಭಾಷಣ ಮಾಡಿ ಅಭ್ಯಾಸವಿಲ್ಲ. ನಾನು ಮಾಡಿದ ಒಂದು ತಪ್ಪು ಹೇಳ್ತೀನಿ, ನೀವು ಮಾಡಬೇಡಿ.

ಅಕ್ಕನ ಮಗ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಗೆ ಓದಲು ಬಂದ. "ಕಮ್ಮಿಂಗ್‌ನಲ್ಲಿ ನಮ್ಮ ಮನೇಲೇ ಇರು, ಬಾಡಿಗೆ ಉಳಿಯುತ್ತೆ" ಅಂದೆ. ಕಾಲೇಜು ಇರೋದು ಅಟ್ಲಾಂಟಾ ಪೇಟೆ ಮಧ್ಯದಲ್ಲಿ, ಇಲ್ಲಿಂದ ಸುಮಾರು 40 ಮೈಲಿ. ನಮ್ಮ ಫೋರ್ಸೈತ್ ಕೌಂಟಿಗೆ ಮಾರ್ಟಾ ರೈಲು ಬರೋದಿಲ್ಲ. ಹಳೇ ಕಾರು, ಇನ್ಶೂರೆನ್ಸ್, ಪೆಟ್ರೋಲು, ಪಾರ್ಕಿಂಗು ಎಲ್ಲ ಸೇರಿ ಉಳಿಸಿದ ಬಾಡಿಗೆಗಿಂತ ಜಾಸ್ತಿಯೇ ಆಯ್ತು. ಒಂದು ರಾತ್ರಿ ಹೈವೇ 400ರಲ್ಲಿ ತೂಕಡಿಸಿ ಕಾರನ್ನು ತಡೆಗೋಡೆಗೆ ಉಜ್ಜಿಬಿಟ್ಟ. ದೇವರ ದಯೆ, ಏನೂ ಆಗಲಿಲ್ಲ. ಆದರೆ ಅಕ್ಕನಿಗೆ ಫೋನ್ ಮಾಡುವಾಗ ನನ್ನ ಕೈ ನಡುಗುತ್ತಿತ್ತು.

ಆಮೇಲೆ ಡೋರಾವಿಲ್‌ನಲ್ಲಿ ಮೂವರು ಹುಡುಗರ ಜೊತೆ ರೂಮು ಮಾಡಿಸಿದೆ. ಅದು ಮಾರ್ಟಾ ಗೋಲ್ಡ್ ಲೈನಿನ ಕೊನೇ ಸ್ಟೇಷನ್. ಫೈವ್ ಪಾಯಿಂಟ್ಸ್‌ನಲ್ಲಿ ಇಳಿದರೆ ಕಾಲೇಜಿಗೆ ನಡೆದೇ ಹೋಗಬಹುದು. ಜಾರ್ಜಿಯಾ ಟೆಕ್ ಮಕ್ಕಳಿಗೂ ಅದೇ ಲೈನಿನಲ್ಲಿ ಮಿಡ್‌ಟೌನ್, ನಾರ್ತ್ ಅವೆನ್ಯೂ ಸ್ಟೇಷನ್‌ಗಳಿವೆ. ಕಮ್ಮಿಂಗ್‌ನಲ್ಲೇ ಇರೋ ಯೂನಿವರ್ಸಿಟಿ ಆಫ್ ನಾರ್ತ್ ಜಾರ್ಜಿಯಾ ಕ್ಯಾಂಪಸ್‌ಗೆ ಸೇರೋರಿಗಾದರೆ ನಮ್ಮೂರೇ ಸರಿ.

ಇನ್ನೊಂದು ಮಾತು. ಲೀಸ್‌ಗೆ ಸಹಿ ಹಾಕೋ ಮುಂಚೆ ಮನೆ ಹೀಟರ್ ಗ್ಯಾಸಿಂದೋ ಕರೆಂಟಿಂದೋ ಕೇಳಿ. ಬರೀ ಕಾಯಿಲ್ ಹೀಟರ್ ಇದ್ದರೆ ಜನವರಿ ಬಿಲ್ಲು ಕಣ್ಣಲ್ಲಿ ನೀರು ತರಿಸುತ್ತೆ.

ವೈರ್ ಉದ್ದ ಎಳೆದಷ್ಟೂ ಕೊನೇಲಿ ವೋಲ್ಟೇಜ್ ಬೀಳುತ್ತೆ. ಮಕ್ಕಳೂ ಅಷ್ಟೇ. ಶಕ್ತಿಯೆಲ್ಲ ರಸ್ತೆಯಲ್ಲೇ ಹೋದರೆ ಓದೋಕೆ ಏನುಳಿಯುತ್ತೆ?