ಅರ್ನೆಸ್ಟ್ ಗೇನ್ಸ್: ಬದುಕು, ಬರೆಹ, ಹಸ್ತಪ್ರತಿ

(ಬಾನುಲಿ ಭಾಷಣದ ಪಠ್ಯ)

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ‘ದಕ್ಷಿಣ’ ಎಂಬ ಮಾತಿಗೆ ದಿಕ್ಕಿನ ಅರ್ಥಕ್ಕಿಂತ ಇತಿಹಾಸದ ಅರ್ಥವೇ ಹೆಚ್ಚು. ಹತ್ತಿ ಮತ್ತು ಕಬ್ಬು ಬೆಳೆಯುತ್ತಿದ್ದ ವಿಶಾಲವಾದ ಜಮೀನುಗಳು, ಅವುಗಳಲ್ಲಿ ದುಡಿಯಲೆಂದು ಆಫ್ರಿಕದಿಂದ ಸೆರೆಹಿಡಿದು ತಂದು ಮಾರಿದ ಜನರು, 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧ, ಗುಲಾಮಗಿರಿ ಕಾನೂನಿನಿಂದ ಅಳಿದ ಮೇಲೂ ಸುಮಾರು ನೂರು ವರ್ಷ ಉಳಿದುಕೊಂಡ ವರ್ಣಭೇದ, ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ಈ ದಕ್ಷಿಣದಿಂದ ಬಂದ ಕಾದಂಬರಿಕಾರರೆಂದೊಡನೆ ನಮ್ಮ ಓದುಗರಿಗೆ ಸಾಮಾನ್ಯವಾಗಿ ನೆನಪಾಗುವ ಹೆಸರು ವಿಲಿಯಂ ಫಾಕ್ನರ್ ಅವರದು. ಫಾಕ್ನರ್ ಆಳುವವರ ಮನೆಯ ಮೊಗಸಾಲೆಯಿಂದ ಕಂಡ ಅದೇ ಲೋಕವನ್ನು, ಹೊಲದ ಅಂಚಿನ ಗುಡಿಸಲಿನಿಂದ ಕಂಡು ಬರೆದ ಮತ್ತೊಬ್ಬ ಲೇಖಕರಿದ್ದಾರೆ. ಅವರೇ ಅರ್ನೆಸ್ಟ್ ಜೆ. ಗೇನ್ಸ್. ಅವರು ಕಾದಂಬರಿಕಾರರು; ವಿಶ್ವವಿದ್ಯಾಲಯದಲ್ಲಿ ಬರೆಹಗಾರಿಕೆಯನ್ನು ಕಲಿಸಿದ ಅಧ್ಯಾಪಕರು. ಅವರ ಬದುಕನ್ನೂ ಅವರು ಬಿಟ್ಟುಹೋದ ಕಾಗದಪತ್ರಗಳ ಮಹತ್ವವನ್ನೂ ಕುರಿತು ಈ ಭಾಷಣದಲ್ಲಿ ಕೆಲವು ಮಾತುಗಳನ್ನು ಹೇಳುವುದು ನನ್ನ ಉದ್ದೇಶ.

ಗೇನ್ಸ್ ಹುಟ್ಟಿದ್ದು 1933ರ ಜನವರಿ 15ರಂದು, ಲೂಸಿಯಾನ ರಾಜ್ಯದ ಪ್ವಾಂಟ್ ಕೂಪೀ ಪ್ರಾಂತದಲ್ಲಿ, ಆಸ್ಕರ್ ಎಂಬ ಸಣ್ಣ ಊರಿನ ಬಳಿಯ ರಿವರ್ ಲೇಕ್ ಜಮೀನಿನಲ್ಲಿ. ಮಿಸಿಸಿಪ್ಪಿ ನದಿ ತನ್ನ ಪಾತ್ರವನ್ನು ಬದಲಿಸಿದಾಗ ಹಿಂದೆ ಉಳಿದ ಬಾಗಿದ ಸರೋವರವೊಂದು ಅಲ್ಲಿದೆ. ಜನರು ಅದನ್ನು ‘ಹುಸಿ ನದಿ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅದರ ದಡದ ಜಮೀನಿನಲ್ಲಿ, ಹಿಂದೆ ಗುಲಾಮರಿಗೆಂದು ಕಟ್ಟಿದ್ದ ಮರದ ಗುಡಿಸಲುಗಳ ಸಾಲಿನಲ್ಲಿ, ಅವರ ವಂಶದ ಐದನೆಯ ತಲೆಮಾರು ವಾಸವಾಗಿತ್ತು. ಹನ್ನೆರಡು ಮಕ್ಕಳಲ್ಲಿ ಅವರೇ ಹಿರಿಯರು. ಒಂಬತ್ತರ ವಯಸ್ಸಿಗೇ ದಿನಕ್ಕೆ 50 ಸೆಂಟುಗಳ ಕೂಲಿಗೆ ಆಲೂಗೆಡ್ಡೆ ಕೀಳುವ ಕೆಲಸಕ್ಕೆ ಹೋದರು. ಶಾಲೆಯೆಂದರೆ ಜಮೀನಿನ ಪ್ರಾರ್ಥನಾ ಮಂದಿರದ ಒಂದೇ ಕೋಣೆ. ವರ್ಷದಲ್ಲಿ ಐದಾರು ತಿಂಗಳು ಮಾತ್ರ ಅಲ್ಲಿ ಪಾಠ. ಉಳಿದ ತಿಂಗಳುಗಳಲ್ಲಿ ಮಕ್ಕಳ ಕೈಗಳು ಹೊಲಕ್ಕೆ ಬೇಕಾಗಿದ್ದುವು.

ಅವರನ್ನು ಸಾಕಿದವರು ಆಗಸ್ಟೀನ್ ಜೆಫರ್‌ಸನ್ ಎಂಬ ಹಿರಿಯ ಬಂಧು. ಗೇನ್ಸ್ ಅವರನ್ನು ಅತ್ತೆಯೆಂದೇ ಕರೆಯುತ್ತಿದ್ದರು. ಈಕೆಗೆ ಕಾಲುಗಳ ಬಲವಿರಲಿಲ್ಲ. ಹುಟ್ಟಿದಂದಿನಿಂದ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನೆಲದ ಮೇಲೆ ತೆವಳಿಕೊಂಡೇ ಅಡಿಗೆ ಮಾಡಿದರು, ಬಟ್ಟೆ ಒಗೆದರು, ಹಿತ್ತಿಲಲ್ಲಿ ತರಕಾರಿ ಬೆಳೆದರು, ಮಕ್ಕಳನ್ನು ದಂಡಿಸಿ ಬೆಳೆಸಿದರು. ಈಕೆ ಎಲ್ಲಿಗೂ ಹೋಗಲಾರರಾದ್ದರಿಂದ ಊರೇ ಈಕೆಯ ಬಳಿಗೆ ಬರುತ್ತಿತ್ತು. ಸಂಜೆ ಜಗಲಿಯಲ್ಲಿ ಮುದುಕರು ಮುದುಕಿಯರು ಕುಳಿತು ಹಳೆಯ ಮಾತುಗಳನ್ನಾಡುತ್ತಿದ್ದರು. ಅವರಿಗೆ ನೀರು ತಂದುಕೊಡುತ್ತ ಹುಡುಗ ಎಲ್ಲವನ್ನೂ ಕೇಳುತ್ತಿದ್ದ.

ಆ ಹಿರಿಯರಲ್ಲಿ ಅನೇಕರಿಗೆ ಓದುಬರೆಹ ಬಾರದು. ದೂರದ ಊರುಗಳಿಗೆ ಹೋದ ಮಕ್ಕಳಿಗೆ ಪತ್ರ ಬರೆಯಬೇಕಾದಾಗ ಅವರು ಈ ಹುಡುಗನನ್ನು ಕರೆಯುತ್ತಿದ್ದರು. ಕ್ಷೇಮವೆಂದು ಒಂದು ಮಾತು, ತೋಟದ ಬೆಳೆಯ ಬಗೆಗೆ ಒಂದು ಮಾತು, ಅಲ್ಲಿಗೆ ಅವರು ಹೇಳಬೇಕಾದುದು ಮುಗಿಯುತ್ತಿತ್ತು. ಕಾಗದದ ಎರಡು ಬದಿಯೂ ತುಂಬಬೇಕೆಂಬುದು ಮಾತ್ರ ಅವರ ಅಪೇಕ್ಷೆ. ಹೇಳಲು ಅವರಿಗೆ ಬಾರದಿದ್ದುದನ್ನು ಊಹಿಸಿ, ಅವರದೇ ಮಾತಿನಲ್ಲಿ ಬರೆದು ತುಂಬುವುದು ಹುಡುಗನ ಪಾಲಿನ ಕೆಲಸವಾಯಿತು. ತಮ್ಮ ಬರೆಹದ ಮೊದಲ ಅಭ್ಯಾಸ ಇದೇ ಎಂದು ಗೇನ್ಸ್ ಮುಂದೆ ಅನೇಕ ಸಲ ಹೇಳಿದ್ದಾರೆ. ಅವರ ಕಾದಂಬರಿಗಳನ್ನು ಓದಿದವರಿಗೆ ಈ ಮಾತಿನ ಸತ್ಯ ಹೊಳೆಯದಿರದು.

ಆ ಪ್ರಾಂತದಲ್ಲಿ ಕಪ್ಪುಜನರ ಮಕ್ಕಳಿಗೆ ಹೈಸ್ಕೂಲು ಸಿಗುವುದು ದುಸ್ತರವಾಗಿತ್ತು. 1948ರಲ್ಲಿ, ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಅವರು ತಾಯಿ ಮತ್ತು ಮಲತಂದೆ ನೆಲಸಿದ್ದ ಕ್ಯಾಲಿಫೋರ್ನಿಯದ ವಲೇಹೊ ಪಟ್ಟಣಕ್ಕೆ ಹೋದರು. ಬೀದಿಯಲ್ಲಿ ಅಲೆದು ಕೆಡಬಾರದೆಂದು ಮಲತಂದೆ ಗದರಿಸಿದಾಗ ಹುಡುಗ ಸಾರ್ವಜನಿಕ ಗ್ರಂಥಾಲಯವನ್ನು ಹೊಕ್ಕ. ಲೂಸಿಯಾನದ ಗ್ರಂಥಾಲಯಗಳ ಬಾಗಿಲು ಕಪ್ಪುಜನರಿಗೆ ಮುಚ್ಚಿದ್ದುದರಿಂದ ಅಷ್ಟೊಂದು ಪುಸ್ತಕಗಳನ್ನು ಅವನು ಒಟ್ಟಿಗೆ ಕಂಡದ್ದು ಅದೇ ಮೊದಲು. ತನ್ನ ಊರಿನವರ ಕತೆಗಾಗಿ ಅವನು ಹುಡುಕಿದ, ಅದು ಸಿಗಲಿಲ್ಲ. ಹಳ್ಳಿಯ ಬಡವರನ್ನು ಮನುಷ್ಯರಾಗಿ ಕಂಡ ಪುಸ್ತಕಗಳನ್ನು ಅರಸುತ್ತ ಕೊನೆಗೆ ಅವನು ತಲಪಿದ್ದು ರಷ್ಯನ್ ಲೇಖಕರ ಬಳಿಗೆ: ತುರ್ಗೇನೆವ್, ಟಾಲ್‌ಸ್ಟಾಯ್, ಚೆಕಾಫ್. ರಷ್ಯದ ರೈತನಲ್ಲಿ ಲೂಸಿಯಾನದ ಹುಡುಗನಿಗೆ ತನ್ನವರ ಚಹರೆ ಕಂಡಿತು. ಆದರೂ ತನ್ನವರು ಆ ಪುಟಗಳಲ್ಲಿ ಇರಲಿಲ್ಲ. ಇಲ್ಲದ ಪುಸ್ತಕವನ್ನು ತಾನೇ ಬರೆಯಬೇಕೆಂದು ಹೊರಟು, ಹದಿಹರೆಯದಲ್ಲೇ ಒಂದು ಕಾದಂಬರಿಯನ್ನು ಬರೆದು ನ್ಯೂಯಾರ್ಕಿನ ಪ್ರಕಾಶಕರಿಗೆ ಕಳಿಸಿದ. ಅದು ಹಿಂದಿರುಗಿ ಬಂತು. ಹುಡುಗ ಅದನ್ನು ಸುಟ್ಟುಬಿಟ್ಟ.

ಸುಟ್ಟ ಕಾದಂಬರಿಯ ವಸ್ತು ಮಾತ್ರ ಅವರನ್ನು ಬಿಡಲಿಲ್ಲ. ಸೈನ್ಯದಲ್ಲಿ ಎರಡು ವರ್ಷದ ಸೇವೆ ಮುಗಿಸಿ, 1957ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಿಂದ ಪದವಿ ಪಡೆದು, ಸ್ಟ್ಯಾನ್‌ಫರ್ಡಿನಲ್ಲಿ ಬರೆಹಗಾರರ ಶಿಷ್ಯವೇತನದಲ್ಲಿ ಅಭ್ಯಾಸ ಮಾಡಿದ ಮೇಲೆ, 1964ರಲ್ಲಿ ಅದೇ ವಸ್ತು ‘ಕ್ಯಾಥರೀನ್ ಕಾರ್ಮಿಯೆ’ ಎಂಬ ಮೊದಲ ಕಾದಂಬರಿಯಾಗಿ ಪ್ರಕಟವಾಯಿತು. ಅನಂತರ 1967ರಲ್ಲಿ ‘ಆಫ್ ಲವ್ ಅಂಡ್ ಡಸ್ಟ್’, 1968ರಲ್ಲಿ ‘ಬ್ಲಡ್‌ಲೈನ್’ ಎಂಬ ಕಥಾಸಂಕಲನ ಬಂದುವು. ಬೇಯನ್ ಎಂಬ ಕಲ್ಪಿತ ಪಟ್ಟಣ, ಅದರ ಸುತ್ತಣ ಕಬ್ಬಿನ ಹೊಲಗಳು, ಗುಡಿಸಲುಗಳ ಸಾಲು, ಇವಿಷ್ಟೇ ಅವರ ಕಥಾಲೋಕದ ಎಲ್ಲೆ. ದಶಕಗಳ ಕಾಲ ಕ್ಯಾಲಿಫೋರ್ನಿಯದಲ್ಲಿ ಬಾಳಿದರೂ ಅವರ ಲೇಖನಿ ಆ ಎಲ್ಲೆಯನ್ನು ದಾಟಲು ಒಪ್ಪಲಿಲ್ಲ.

ಅವರಿಗೆ ವ್ಯಾಪಕವಾದ ಕೀರ್ತಿಯನ್ನು ತಂದ ಕೃತಿ 1971ರ ‘ದಿ ಆಟೋಬಯಾಗ್ರಫಿ ಆಫ್ ಮಿಸ್ ಜೇನ್ ಪಿಟ್‌ಮನ್’. ಗುಲಾಮಳಾಗಿ ಹುಟ್ಟಿ, ಅಂತರ್ಯುದ್ಧವನ್ನು ಕಂಡು, 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯವರೆಗೆ ಬದುಕಿದ, ನೂರಹತ್ತರ ಅಂಚಿನ ಮುದುಕಿಯೊಬ್ಬಳು ಇತಿಹಾಸದ ಉಪಾಧ್ಯಾಯನೊಬ್ಬನಿಗೆ ತನ್ನ ಬಾಳನ್ನು ಹೇಳುವ ಕತೆ ಇದು. ಪುಸ್ತಕಗಳಲ್ಲಿ ಮಿಸ್ ಜೇನ್ ಇಲ್ಲವೆಂಬುದೇ ಆ ಉಪಾಧ್ಯಾಯ ಧ್ವನಿಮುದ್ರಣ ಯಂತ್ರ ಹೊತ್ತು ಬರಲು ಕಾರಣ. ಮುದುಕಿಯ ಮಾತು ಎಷ್ಟು ಸಹಜವಾಗಿ ಕೇಳಿಸಿತೆಂದರೆ ಅನೇಕರು ಆಕೆಯನ್ನು ನಿಜವಾದ ವ್ಯಕ್ತಿಯೆಂದೇ ನಂಬಿದರು. ಪತ್ರಿಕೆಯೊಂದು ಆಕೆಯ ಛಾಯಾಚಿತ್ರವನ್ನು ಕೇಳಿತಂತೆ. 1974ರಲ್ಲಿ ಬಂದ ದೂರದರ್ಶನ ಚಿತ್ರದಲ್ಲಿ ಸಿಸಿಲಿ ಟೈಸನ್ ಆ ಪಾತ್ರವನ್ನು ವಹಿಸಿದರು. ಚಿತ್ರಕ್ಕೆ ಒಂಬತ್ತು ಎಮ್ಮಿ ಪ್ರಶಸ್ತಿಗಳು ಬಂದುವು. ಗಮನಿಸಬೇಕಾದ ಸಂಗತಿಯೆಂದರೆ, ಕಾದಂಬರಿಯ ಕಪ್ಪು ಉಪಾಧ್ಯಾಯನ ಸ್ಥಾನದಲ್ಲಿ ಚಿತ್ರವು ಬಿಳಿಯ ಪತ್ರಕರ್ತನೊಬ್ಬನನ್ನು ಕೂರಿಸಿತು. ಒಬ್ಬರ ಕತೆಯನ್ನು ಯಾರು ಕೇಳಿ ದಾಖಲಿಸಬೇಕೆಂಬ ಪ್ರಶ್ನೆ ಅಷ್ಟು ಸುಲಭವಾಗಿ ತೀರುವುದಿಲ್ಲ.

ಈ ಕಾದಂಬರಿಯ ಹಿಂದೆ ಒಂದು ದಾಖಲೆಸಂಗ್ರಹವೇ ಇದೆಯೆಂಬುದು ಸ್ವಾರಸ್ಯಕರ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಯಜಮಾನನ ಹೆಸರಿದೆ. ಗುಲಾಮರ ವಯಸ್ಸು, ಲಿಂಗ, ಬಣ್ಣಗಳೂ ಇವೆ. ಅವರ ಹೆಸರು ಮಾತ್ರ ಸಾಮಾನ್ಯವಾಗಿ ಇಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅಮೆರಿಕದ ಸರ್ಕಾರ ನಿರುದ್ಯೋಗಿ ಲೇಖಕರಿಗೆ ಕೆಲಸ ಕೊಡಲು ಒಂದು ಯೋಜನೆಯನ್ನು ಹೂಡಿತು. ಅದರ ಅಂಗವಾಗಿ, ಗುಲಾಮಗಿರಿಯನ್ನು ಕಂಡು ಇನ್ನೂ ಬದುಕಿದ್ದ ಎರಡು ಸಾವಿರಕ್ಕೂ ಹೆಚ್ಚು ಮಂದಿ ವೃದ್ಧರ ಮಾತುಗಳನ್ನು ಬರೆದುಕೊಳ್ಳಲಾಯಿತು. ಅವುಗಳಿಂದ ಆಯ್ದ ಸಂಕಲನವೊಂದು 1945ರಲ್ಲಿ ಪ್ರಕಟವಾಯಿತು. ಮಿಸ್ ಜೇನಳ ನುಡಿಯ ಲಯವನ್ನು ಹಿಡಿಯಲು ಗೇನ್ಸ್ ಆ ಸಂಕಲನವನ್ನು ಮತ್ತೆ ಮತ್ತೆ ಓದಿದರು. ಆ ಲಯಕ್ಕೆ ಅತ್ತೆಯ ಜಗಲಿಯ ಮಾತಿನ ನೆನಪೂ ಸೇರಿತು. ಕಾದಂಬರಿಯನ್ನು ಅವರು ಅರ್ಪಿಸಿದ್ದು ಆಗಸ್ಟೀನ್ ಅತ್ತೆಯ ಸ್ಮರಣೆಗೆ.

1980ರ ದಶಕದ ಆರಂಭದಲ್ಲಿ ಗೇನ್ಸ್ ಲೂಸಿಯಾನಕ್ಕೆ ಅಧ್ಯಾಪಕರಾಗಿ ಹಿಂದಿರುಗಿದರು. ಲಫಯೆಟ್ ನಗರದ ವಿಶ್ವವಿದ್ಯಾಲಯ ಅವರನ್ನು ನಿವಾಸಿ ಲೇಖಕರಾಗಿ ನೇಮಿಸಿತು. ಎರಡು ದಶಕಗಳ ಕಾಲ ಅವರು ಅಲ್ಲಿ ತರುಣರಿಗೆ ಕತೆ ಬರೆಯುವುದನ್ನು ಕಲಿಸಿದರು. ಹೊರನೋಟಕ್ಕೆ ಇದು ಸಾಮಾನ್ಯ ಸಂಗತಿ. ಆದರೆ 1948ರಲ್ಲಿ, ಅವರು ಊರು ಬಿಟ್ಟ ವರ್ಷದಲ್ಲಿ, ಇದೇ ವಿದ್ಯಾಸಂಸ್ಥೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1954ರಲ್ಲಿ, ನ್ಯಾಯಾಲಯದ ಆಜ್ಞೆಯಾದ ಮೇಲೆಯೇ ಅದರ ಬಾಗಿಲು ತೆರೆದದ್ದು. ವಿದ್ಯಾರ್ಥಿಯಾಗಿ ಒಳಗೆ ಬರಲಾಗದಿದ್ದ ಕಡೆಗೆ ಅವರು ಗುರುವಾಗಿ ಬಂದರು.

ಅಲ್ಲಿಗೇ ಅವರು ತಮ್ಮ ಕಾಗದಪತ್ರಗಳನ್ನೂ ಕೊಟ್ಟರು. 1983ರವರೆಗಿನ ಹಸ್ತಪ್ರತಿಗಳನ್ನು ಆ ವಿಶ್ವವಿದ್ಯಾಲಯದ ಡುಪ್ರೇ ಗ್ರಂಥಾಲಯಕ್ಕೆ ದಾನವಾಗಿ ನೀಡಿದರು. ಹೆಸರಾಂತ ಲೇಖಕರ ಹಸ್ತಪ್ರತಿಗಳು ಸಿರಿವಂತ ವಿದ್ಯಾಪೀಠಗಳಿಗೆ ಮಾರಾಟವಾಗುವುದು ಆ ದೇಶದಲ್ಲಿ ಅಪರೂಪವೇನಲ್ಲ. ಗೇನ್ಸರ ಬರೆಹದ ಹಾಳೆಗಳು ಮಾತ್ರ ಅವರು ಕೂಲಿ ಮಾಡಿದ ಹೊಲಗಳಿಗೆ ಕೆಲವು ಗಂಟೆಗಳ ಹಾದಿಯೊಳಗೇ ಉಳಿದುವು. 2010ರಲ್ಲಿ ಅದೇ ಗ್ರಂಥಾಲಯದಲ್ಲಿ ಅವರ ಹೆಸರಿನ ಕೇಂದ್ರವೊಂದು ತೆರೆಯಿತು. ಹಸ್ತಪ್ರತಿಗಳ ಜೊತೆಗೆ ಅವರ ಕೃತಿಗಳ ಅನುವಾದಗಳನ್ನೂ ಅವರನ್ನು ಕುರಿತ ವಿಮರ್ಶೆಗಳನ್ನೂ ಅದು ಕೂಡಿಡುತ್ತಿದೆ.

ಅಚ್ಚಾದ ಪುಸ್ತಕ ಕೈಯಲ್ಲಿರುವಾಗ ಹಳೆಯ ಕರಡುಗಳಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಇದಕ್ಕೆ ಗೇನ್ಸರ ಬರೆಹದಿಂದಲೇ ಉತ್ತರ ಹೇಳಬಹುದು. ಮಿಸ್ ಜೇನಳ ಕತೆಯನ್ನು ಮೊದಲು ಅವರು ಬರೆದದ್ದು ಜೀವನಚರಿತ್ರೆಯ ರೂಪದಲ್ಲಿ. ಆಕೆ ತೀರಿಕೊಂಡ ಮೇಲೆ ಊರವರು ಸೇರಿ ಆಕೆಯ ಬಗೆಗೆ ಮಾತಾಡುವ ಹಾಗೆ. ಬರೆದಷ್ಟೂ ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಎಲ್ಲವನ್ನೂ ಬದಿಗಿಟ್ಟು ಮುದುಕಿಯ ಬಾಯಿಂದಲೇ ಕತೆ ಹೇಳಿಸಿದರು, ಜೀವನಚರಿತ್ರೆ ಆತ್ಮಕಥೆಯಾಯಿತು. 1983ರ ‘ಎ ಗ್ಯಾದರಿಂಗ್ ಆಫ್ ಓಲ್ಡ್ ಮೆನ್’ ಕಾದಂಬರಿಯದೂ ಇಂಥದೇ ವೃತ್ತಾಂತ. ಬಿಳಿಯ ರೈತನೊಬ್ಬ ಗುಂಡೇಟಿನಿಂದ ಸಾಯುತ್ತಾನೆ. ಬಾಳೆಲ್ಲ ತಲೆತಗ್ಗಿಸಿದ್ದ ಕಪ್ಪು ಮುದುಕರು ಒಬ್ಬೊಬ್ಬರಾಗಿ ಬಂದೂಕು ಹಿಡಿದು ಬಂದು, ಕೊಂದವನು ತಾನೇ ಎಂದು ನಿಲ್ಲುತ್ತಾರೆ. ಮೊದಲ ಕರಡಿನಲ್ಲಿ ಈ ಕತೆಯನ್ನು ಬಿಳಿಯ ಪತ್ರಕರ್ತನೊಬ್ಬನೇ ಹೇಳುತ್ತಿದ್ದ. ಆ ಮುದುಕರು ಮನೆಯಲ್ಲಿ ಪರಸ್ಪರ ಆಡುವ ಮಾತು ಪತ್ರಕರ್ತನ ಕಿವಿಗೆ ಬೀಳುವುದು ಸಾಧ್ಯವಿಲ್ಲವೆಂದು ಗೇನ್ಸರಿಗೆ ಅರಿವಾದ ಮೇಲೆ, ನಿರೂಪಣೆ ಹದಿನೈದು ಬಾಯಿಗಳಿಗೆ ಹಂಚಿಹೋಯಿತು. ಅಚ್ಚಾದ ಪುಸ್ತಕ ಆ ಆಯ್ಕೆಯ ಫಲವನ್ನು ಮಾತ್ರ ತೋರಿಸುತ್ತದೆ. ಕೇಳದೆ ಹೋಗಬಹುದಾಗಿದ್ದ ದನಿಗಳು ಯಾವ ಹಂತದಲ್ಲಿ, ಎಷ್ಟು ಶ್ರಮದಿಂದ ಪುಟಕ್ಕೆ ಬಂದುವೆಂಬುದನ್ನು ತಿಳಿಯಲು ಕರಡುಗಳೇ ಬೇಕು.

ಗೇನ್ಸರ ಮೇರುಕೃತಿಯೆಂದು ಅನೇಕರು ಎಣಿಸುವುದು 1993ರ ‘ಎ ಲೆಸನ್ ಬಿಫೋರ್ ಡೈಯಿಂಗ್’. ಇದರ ಕಾಲವನ್ನು ಅವರು ಮೊದಲು 1980ರ ದಶಕಕ್ಕೆ ಇರಿಸಿದ್ದರು. ಲಫಯೆಟ್ಟಿಗೆ ಸಮೀಪದ ಸೇಂಟ್ ಮಾರ್ಟಿನ್‌ವಿಲ್ಲಿನಲ್ಲಿ 1946ರಲ್ಲಿ ನಡೆದ ಒಂದು ಘಟನೆಯನ್ನು ಸಹೋದ್ಯೋಗಿಯೊಬ್ಬರು ಅವರ ಗಮನಕ್ಕೆ ತಂದರು. ವಿಲ್ಲಿ ಫ್ರಾನ್ಸಿಸ್ ಎಂಬ ಕಪ್ಪು ಹುಡುಗನನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದಾಗ ಯಂತ್ರ ಕೆಟ್ಟು ಅವನು ಬದುಕುಳಿದಿದ್ದ. ಮರುವರ್ಷ ಅವನನ್ನು ಮತ್ತೆ ಕೂರಿಸಿ ಕೊಂದರು. ಕಾದಂಬರಿ 1940ರ ದಶಕಕ್ಕೆ ಹಿಂದೆ ಸರಿಯಿತು. ಆದರೆ ಗೇನ್ಸ್ ಹೇಳಿದ್ದು ಆ ಹುಡುಗನ ಕತೆಯನ್ನಲ್ಲ. ಕಾದಂಬರಿಯ ಜೆಫರ್‌ಸನ್ ತಾನು ಮಾಡದ ಕೊಲೆಗೆ ಮರಣದಂಡನೆಗೆ ಗುರಿಯಾಗುತ್ತಾನೆ. ಅವನ ವಕೀಲನೇ ನ್ಯಾಯಾಲಯದಲ್ಲಿ ಅವನನ್ನು ಹಂದಿಗೆ ಹೋಲಿಸುತ್ತಾನೆ. ಅವನು ಮನುಷ್ಯನಾಗಿ ಸಾಯಬೇಕೆಂದು ಅವನನ್ನು ಸಾಕಿದ ಮುದುಕಿ ಹಟ ಹಿಡಿಯುತ್ತಾಳೆ. ಊರಿನ ಉಪಾಧ್ಯಾಯ ಸೆರೆಮನೆಗೆ ಹೋಗಿ ಅವನಿಗೆ ಒಂದು ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ಕೊಡುತ್ತಾನೆ. ತಪ್ಪುತಪ್ಪು ಕಾಗುಣಿತದಲ್ಲಿ ಜೆಫರ್‌ಸನ್ ತುಂಬಿದ ಆ ಹಾಳೆಗಳೇ ಕಾದಂಬರಿಯ ಹೃದಯ. ರಾಜ್ಯ ಅವನ ಪ್ರಾಣವನ್ನು ತೆಗೆಯುತ್ತದೆ. ಅವನು ಮನುಷ್ಯನೆಂಬುದಕ್ಕೆ ಸಾಕ್ಷಿ ಆ ನೋಟ್‌ಬುಕ್ಕಿನಲ್ಲಿ ಉಳಿಯುತ್ತದೆ. ಈ ಕೃತಿಗೆ ಅಮೆರಿಕದ ಪುಸ್ತಕ ವಿಮರ್ಶಕರ ರಾಷ್ಟ್ರೀಯ ಪ್ರಶಸ್ತಿ ಬಂದಿತು. ಅದೇ ವರ್ಷ ಮೆಕಾರ್ಥರ್ ಪ್ರತಿಷ್ಠಾನದ ಶಿಷ್ಯವೇತನವೂ ಅವರಿಗೆ ದೊರೆಯಿತು.

ತಮ್ಮ ಕೊನೆಯ ವರ್ಷಗಳಲ್ಲಿ ಗೇನ್ಸ್ ಮತ್ತು ಅವರ ಪತ್ನಿ ಡಯಾನ್, ಹಿಂದೆ ಅದೇ ಜಮೀನಿಗೆ ಸೇರಿದ್ದ ಕೆಲವು ಎಕರೆ ನೆಲವನ್ನು ಕೊಂಡು ಮನೆ ಕಟ್ಟಿಕೊಂಡರು. ತಾವು ಅಕ್ಷರ ಕಲಿತ ಪ್ರಾರ್ಥನಾ ಮಂದಿರದ ಕಟ್ಟಡವನ್ನು ತಮ್ಮ ಹಿತ್ತಿಲಿಗೆ ಸಾಗಿಸಿ ದುರಸ್ತಿ ಮಾಡಿಸಿದರು. ಸಮೀಪದಲ್ಲಿ, ಕಬ್ಬಿನ ಹೊಲಗಳ ನಡುವೆ, ಅವರ ಪೂರ್ವಿಕರ ಸ್ಮಶಾನವಿದೆ. ಅಲ್ಲಿನ ಅನೇಕ ಗೋರಿಗಳ ಮೇಲೆ ಹೆಸರಿಲ್ಲ; ಆಗಸ್ಟೀನ್ ಅತ್ತೆಯೂ ಅಂಥ ಗುರುತಿಲ್ಲದ ಗೋರಿಯೊಂದರಲ್ಲಿ ಮಲಗಿದ್ದಾರೆ. ದಂಪತಿಗಳು ಊರವರೊಡನೆ ಒಂದು ಸಂಘ ಕಟ್ಟಿ ಆ ನೆಲವನ್ನು ಉಳಿಸಿಕೊಂಡರು. ಪ್ರತಿವರ್ಷ ಶರತ್ಕಾಲದಲ್ಲಿ ಬಂಧುಮಿತ್ರರು ಅಲ್ಲಿ ಸೇರಿ ಕಳೆ ಕಿತ್ತು, ಗೋರಿಗಳಿಗೆ ಸುಣ್ಣ ಬಳಿಯುವ ಪದ್ಧತಿ ಬೆಳೆಯಿತು. ಗೇನ್ಸ್ 2019ರ ನವೆಂಬರ್ 5ರಂದು, ಎಂಬತ್ತಾರರ ವಯಸ್ಸಿನಲ್ಲಿ, ಆಸ್ಕರಿನ ತಮ್ಮ ಮನೆಯಲ್ಲಿ ನಿಧನರಾದರು. ಅವರನ್ನು ಮಣ್ಣುಮಾಡಿದ್ದೂ ಆ ಸ್ಮಶಾನದಲ್ಲೇ. 2023ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.

ಸ್ಮಶಾನವನ್ನು ಕಾಯುವುದು, ಹಸ್ತಪ್ರತಿಯನ್ನು ಕಾಯುವುದು, ಇವೆರಡೂ ಗೇನ್ಸರ ಪಾಲಿಗೆ ಒಂದೇ ಕರ್ತವ್ಯದ ಭಾಗಗಳಾಗಿದ್ದುವು. ಜನಗಣತಿಯ ಪಟ್ಟಿ ಹೆಸರು ಕೊಡದ ಜನರಿಗೆ ಕಾದಂಬರಿಕಾರ ಹೆಸರು ಕೊಡಬಲ್ಲ, ಮಾತು ಕೊಡಬಲ್ಲ. ಆ ಮಾತು ಮುಂದಿನವರ ಕೈ ಸೇರಬೇಕಾದರೆ, ಹಾಳೆಗಳನ್ನು ಹುಳುವಿಗೂ ಬೆಂಕಿಗೂ ಅಲಕ್ಷ್ಯಕ್ಕೂ ಬಿಡದೆ ಕಾಪಾಡುವ ಮನಸ್ಸು ಸಮಾಜಕ್ಕೆ ಇರಬೇಕು. ನ್ಯೂಯಾರ್ಕಿನಿಂದ ಮರಳಿ ಬಂದ ತನ್ನ ಬರೆಹವನ್ನು ಸುಟ್ಟ ಹುಡುಗನಿಗೆ ಅದನ್ನು ಇಟ್ಟುಕೊಳ್ಳೆಂದು ಹೇಳುವವರು ಯಾರೂ ಇರಲಿಲ್ಲ. ಅವನ ಅನಂತರದ ಬರೆಹವನ್ನು ಓದಲು ಇಂದು ಲಫಯೆಟ್ಟಿನ ಗ್ರಂಥಾಲಯಕ್ಕೆ ದೂರದೂರದ ವಿದ್ಯಾರ್ಥಿಗಳು ಬರುತ್ತಾರೆ. ಓದಲು ಬಾರದ ಹಿರಿಯರ ಪರವಾಗಿ ಆ ಹುಡುಗ ಜಗಲಿಯಲ್ಲಿ ಕುಳಿತು ಬರೆಯತೊಡಗಿದ ಪತ್ರಗಳು, ಇಷ್ಟು ಕಾಲದ ಮೇಲೆ, ಹೀಗೆ ವಿಳಾಸ ತಲಪುತ್ತಿವೆ.