ಕನ್ಯಾಕುಮಾರಿ ಮುಟ್ಟದ ಸೈಕಲ್ ಪ್ರವಾಸ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಯ ಐವತ್ತರ ಸಂಭ್ರಮದಲ್ಲಿ ಮಾತನಾಡಲು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಇದೇ ಅಂಗಳದಲ್ಲಿ ನಾನು ಹೇಳಿದ್ದ ಒಂದು ಸುಳ್ಳನ್ನು ತಿದ್ದಲು ಆ ಸಮಯವನ್ನು ಬಳಸಿಕೊಳ್ಳುತ್ತೇನೆ.

1989ರ ಜನವರಿ. ಸಂಕ್ರಾಂತಿ ಮುಗಿಸಿ ನಾವು ಮೂವರು ಹಳೆಯ ವಿದ್ಯಾರ್ಥಿಗಳು ಇಲ್ಲಿಂದ ಸೈಕಲ್ ಮೇಲೆ ಕನ್ಯಾಕುಮಾರಿಗೆ ಹೊರಟೆವು. ನೀವೆಲ್ಲ ಹಾರ ಹಾಕಿದಿರಿ, ಪಟ್ಟಿ ಹಾಕಿ ರೊಕ್ಕ ಕೊಟ್ಟಿರಿ. ಅವ್ವಂದಿರು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಯೋಜನೆ ಪೂರ್ತಿ ನನ್ನದು. ಶಾಲೆಯ ಭೂಪಟದ ಮೇಲೆ ದಾರ ಇಟ್ಟು ಅಳೆದಿದ್ದೆ. ಸುಮಾರು ಸಾವಿರ ಕಿ.ಮೀ., ದಿನಕ್ಕೆ ನೂರು, ಹತ್ತು ದಿನ.

ದಾರಕ್ಕೆ ಏರು-ಇಳಿವು ತಿಳಿಯುವುದಿಲ್ಲ. ಹಾನಗಲ್, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿದೆವು. ಕರಾವಳಿ ಎಂದರೆ ಸಪಾಟು ರಸ್ತೆ ಎಂದುಕೊಂಡಿದ್ದೆ. ಆದರೆ ಅಲ್ಲಿ ಹೊಳೆಗೆ ಇಳಿಯಬೇಕು, ದಾಟಿದ ಮೇಲೆ ಮತ್ತೆ ಕೆಂಪು ಕಲ್ಲಿನ ಗುಡ್ಡ ಏರಬೇಕು. ನಮ್ಮವು ಗೇರಿಲ್ಲದ ಸೈಕಲ್ಲು.

ನಾಲ್ಕನೇ ದಿನ ಮರವಂತೆ. ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಅಲ್ಲಿ ಒಬ್ಬ ಗೆಳೆಯ ಇಳಿದು ಕೂತುಬಿಟ್ಟ. ಮೊಣಕಾಲು ಬಾತಿತ್ತು. "ಎರಡು ದಿನ ಆತು. ಊರ ಮಂದಿ ರೊಕ್ಕ ಕೊಟ್ಟಾರ, ಹೆಂಗ ಹೇಳೂದು ಅಂತ ಸುಮ್ಮನಿದ್ದೆ" ಅಂದ.

ನಾನು ಅಂದದ್ದು: "ನೀ ಬಸ್ಸಿನಾಗ ಹೊಳ್ಳಿ ಹೋಗು. ನಾವಿಬ್ಬರು ಮುಂದ ಹೋಗ್ತೀವಿ."

ಮೂರನೆಯವನು ಮಾತ್ರ, "ಅವನ್ನ ಬಿಟ್ಟು ನಾ ಬರಂಗಿಲ್ಲ" ಎಂದು ಸೈಕಲ್ ಸ್ಟ್ಯಾಂಡ್ ಹಾಕಿದ. ಲಾರಿಯವರೊಬ್ಬರು ನಮ್ಮನ್ನು ಕುಂದಾಪುರಕ್ಕೆ ಮುಟ್ಟಿಸುವವರೆಗೆ ನಾನು ಇಬ್ಬರೊಡನೆಯೂ ಮಾತಾಡಲಿಲ್ಲ.

ಡಾಕ್ಟರು ಮೂರು ದಿನ ವಿಶ್ರಾಂತಿ ಹೇಳಿದರು, ಆಮೇಲೂ ಏರು ಹತ್ತಬಾರದು ಎಂದರು. ಸೈಕಲ್ ರಿಪೇರಿಯವರು ಕಾರಣ ತೋರಿಸಿದರು. ಸೈಕಲ್ಲು ಅವನ ತಮ್ಮನದು, ಸೀಟು ಬಹಳ ಕೆಳಗಿತ್ತು. ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೆಟ್ಟಗಾಗಬೇಕು, ಇಲ್ಲದಿದ್ದರೆ ಭಾರವೆಲ್ಲ ಮಡಿಸಿದ ಮೊಣಕಾಲಿನ ಮೇಲೆ ಬೀಳುತ್ತದೆ. ಆಗ ನನ್ನ ಎದೆ ಧಸಕ್ಕೆಂದಿತು. ಹಾನಗಲ್‌ನಲ್ಲೇ ಅವನು, "ಸೀಟಿನ ನಟ್ಟು ತುಕ್ಕು ಹಿಡದೈತಿ, ಅಂಗಡಿ ತೆಗಿಯೂತನ ನಿಲ್ಲೂಣು" ಎಂದಿದ್ದ. "ಲೆಕ್ಕ ತಪ್ಪತೈತಿ" ಎಂದು ನಿಲ್ಲಗೊಡದವನು ನಾನು.

ಕನ್ಯಾಕುಮಾರಿ ಬಿಟ್ಟೆವು. ಮೂರು ದಿನ ಕಳೆದು ಸೈಕಲ್ಲುಗಳನ್ನು ಬಸ್ಸಿನ ಮೇಲೆ ಹಾಕಿ, ಬಾಳೆಬರೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಬಂದೆವು. ಅಲ್ಲಿಂದ ಯೋಜನೆ ಅವನದು. ಅವನ ಕಾಲು ಸಾಕೆಂದಲ್ಲಿ ನಮ್ಮ ವಸ್ತಿ. ಶಿಕಾರಿಪುರ, ಶಿರಾಳಕೊಪ್ಪದ ದಾರಿಯಲ್ಲಿ ಅಕ್ಕಮಹಾದೇವಿಯ ಉಡುತಡಿ ನೋಡಿದೆವು, ಬಳ್ಳಿಗಾವಿಯ ಕೇದಾರೇಶ್ವರ ಗುಡಿ ನೋಡಿದೆವು. ಪಾಠದಲ್ಲಿ ಓದಿದ್ದರೂ, ಇಷ್ಟು ಹತ್ತಿರವಿದ್ದೂ, ನಾವು ಯಾರೂ ಅಲ್ಲಿಗೆ ಹೋಗಿರಲಿಲ್ಲ. ತಾಳಗುಂದದ ಕಂಬದ ಶಾಸನದ ಮುಂದೆ ನಿಂತಾಗ ಮಾಸ್ತರು ಹೇಳಿದ ಕಥೆ ನೆನಪಾಯಿತು. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಅವಮಾನಗೊಂಡು, ಶಸ್ತ್ರ ಹಿಡಿದು ಕದಂಬ ರಾಜ್ಯ ಕಟ್ಟಿದ ಕಥೆ. ಗೆಳೆಯ ನಕ್ಕು, "ಇವನ ಪ್ಲಾನೂ ಬದಲಾಗಿತ್ತು ನೋಡು" ಅಂದ.

ಊರಿಗೆ ಬಂದ ಮೇಲೆ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್ಮಾಸ್ತರರು ಅನುಭವ ಹೇಳಿಸಿದರು. ನಾನು, "ಇವನ ಕಾಲು ಕೈಕೊಟ್ಟಿತು, ಅದಕ್ಕೇ ತಿರುಗಿ ಬಂದೆವು" ಎಂದೆ. ಮಕ್ಕಳು ನಕ್ಕರು. ಅವನೂ ನಕ್ಕ, ಹಾನಗಲ್ ವಿಷಯ ಯಾರಿಗೂ ಹೇಳಲಿಲ್ಲ. ಎಷ್ಟೋ ದಿನ ಊರವರು ಅವನನ್ನು 'ಕನ್ಯಾಕುಮಾರಿ' ಎಂದೇ ಕರೆದರು.

ಮೂವತ್ತೈದು ವರ್ಷವಾಯಿತು. ಇವತ್ತು ಅವನು ಎರಡನೇ ಸಾಲಿನಲ್ಲಿ ಕೂತಿದ್ದಾನೆ. ಕೈಕೊಟ್ಟದ್ದು ನಿನ್ನ ಕಾಲಲ್ಲಪ್ಪ, ನಾನು. ಎಲ್ಲರ ಮುಂದೆ ಹೇಳಿದ ಸುಳ್ಳನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ.

ಮಕ್ಕಳೇ, ನೀವೂ ದೂರ ಹೋಗಿ. ಯೋಜನೆ ಹಾಕಿಕೊಳ್ಳಿ, ಅದರಲ್ಲಿ ಒಂದೆರಡು ದಿನ ಖಾಲಿ ಇಡಿ. ಯಾರಾದರೂ "ಸ್ವಲ್ಪ ನಿಲ್ಲೂಣು" ಎಂದರೆ, ಯಾಕೆಂದು ಕೇಳಿ.