ನಮ್ಮ ಊರಿನ ತಂಡ

ಕಾಲ್ಚೆಂಡಾಟವನ್ನು ನೋಡುವವರಲ್ಲಿ ಎರಡು ಬಗೆ. ಒಳ್ಳೆಯ ಆಟ ಎಲ್ಲಿದ್ದರೂ ಮೆಚ್ಚುವವರು ಮೊದಲನೆಯವರು. ಯಾರು ಗೆದ್ದರೂ ಇವರು ಮನೆಗೆ ಹೋಗಿ ಸುಖವಾಗಿ ನಿದ್ದೆ ಮಾಡುತ್ತಾರೆ. ಎರಡನೆಯವರಿಗೆ ಆ ಸುಖವಿಲ್ಲ. ಅವರು ಯಾವುದೋ ಒಂದು ತಂಡವನ್ನು ‘ನಮ್ಮದು’ ಎಂದುಬಿಟ್ಟಿರುತ್ತಾರೆ. ಮೈದಾನದಲ್ಲಿ ಆಡಿದವರು ಹನ್ನೊಂದು ಮಂದಿ. ಮರುದಿನ ಕಛೇರಿಯಲ್ಲಿ ‘ಗೆದ್ದೆವು’, ‘ಸೋತೆವು’ ಎಂದು ಹೇಳುವವರು ಇವರು! ಈ ‘ನಾವು’ ಎಂಬ ಮಾತಿಗೆ ಆಧಾರವೇನು? ತಂಡದಲ್ಲಿ ಅಭಿಮಾನಿಯ ಪಾಲೆಷ್ಟು? ಬೆಂಗಳೂರಿನ ಒಂದು ತಂಡವನ್ನೇ ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ಬೆಂಗಳೂರಿಗೆ ಈ ಆಟ ಹೊಸದಲ್ಲ. ದಂಡುಪ್ರದೇಶದ ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರಗಳಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ಇದು ಮನೆಮಾತು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದವರು ರೋವರ್ಸ್ ಕಪ್ಪನ್ನು ಗೆದ್ದು ತಂದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲೇ ಫ್ರಾನ್ಸಿನ ಎದುರು ಆಡಿದ ಪಂದ್ಯದಲ್ಲಿ, ಭಾರತಕ್ಕೆ ದಕ್ಕಿದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ಹೆಸರಿನಲ್ಲಿ ನಾವು ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದೆವು. ನಾಲ್ಕನೆಯದು 1968-69ರಲ್ಲಿ. ಐದನೆಯದಕ್ಕೆ 2023ರ ಮಾರ್ಚಿಯವರೆಗೆ ಕಾಯಬೇಕಾಯಿತು. ನಡುವಣ ದೀರ್ಘಕಾಲದಲ್ಲಿ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳ ತಂಡಗಳು ಆಟಗಾರರಿಗೆ ನೌಕರಿ ಕೊಟ್ಟು ಆಟವನ್ನು ಉಳಿಸಿದವು.

ಹೀಗಿರುವಾಗ 2013ರ ಜುಲೈ ತಿಂಗಳಿನಲ್ಲಿ ಜೆ.ಎಸ್.ಡಬ್ಲ್ಯು. ಉದ್ಯಮ ಸಮೂಹದವರು ಬೆಂಗಳೂರು ಎಫ್.ಸಿ. ಎಂಬ ತಂಡವನ್ನು ಕಟ್ಟಿದರು. ಊರಿನ ಹೆಸರನ್ನೇ ಹೊತ್ತ ತಂಡ; ನೀಲಿ ಅಂಗಿ; ಸುನಿಲ್ ಛೆಟ್ರಿ ನಾಯಕ. ಅಂದಿನಿಂದ ಈ ತಂಡವನ್ನು ನೆಚ್ಚಿದವನು ಮೂರು ಲೆಕ್ಕಗಳನ್ನು ಬರೆದಿಡಬೇಕಾಗಿ ಬಂದಿದೆ: ಸೋಲು ಗೆಲುವಿನದೊಂದು, ಹಣದ್ದೊಂದು, ಪಂದ್ಯದ ದಿನದ್ದೊಂದು.

ಮೊದಲನೆಯ ಲೆಕ್ಕ ಎಲ್ಲರಿಗೂ ತಿಳಿದದ್ದು. ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ತಂಡ ಐ-ಲೀಗ್ ಗೆದ್ದಿತು. ಹುಟ್ಟಿದ ಮಗು ಎದ್ದು ಓಡಿದ ಹಾಗಾಯಿತು! ಮರುವರ್ಷ, 2015ರ ಮೇ 31ರಂದು, ಕಂಠೀರವ ಕ್ರೀಡಾಂಗಣದಲ್ಲಿ ಋತುವಿನ ಕಡೆಯ ಪಂದ್ಯ. ಎದುರಾಳಿ ಕಲ್ಕತ್ತೆಯ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಪ್ರಶಸ್ತಿ ನಮ್ಮದು; ಸಮವಾದರೆ ಅವರದು. ಜಾನ್ ಜಾನ್ಸನ್ ಹೊಡೆದ ಗೋಲಿನಿಂದ ನಾವು ಮುಂದಿದ್ದೆವು. ಮುಗಿಯಲು ಕೆಲವೇ ನಿಮಿಷಗಳಿರುವಾಗ ಬೆಲ್ಲೋ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ಕಳಿಸಿದ. ಪ್ರಶಸ್ತಿ ಕಲ್ಕತ್ತೆಗೆ ಹೋಯಿತು.

2016ರಲ್ಲಿ ಮತ್ತೆ ಐ-ಲೀಗ್ ಬಂದಿತು. ಅದೇ ವರ್ಷ ತಂಡ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯಕ್ಕೆ ದೋಹಾ ನಗರಕ್ಕೆ ಹೋಗಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. ಭಾರತದ ಯಾವ ತಂಡವೂ ಅದಕ್ಕೆ ಮೊದಲು ಆ ಘಟ್ಟವನ್ನು ಮುಟ್ಟಿರಲಿಲ್ಲ. ಇಂಡಿಯನ್ ಸೂಪರ್ ಲೀಗ್ ಸೇರಿದ ಮೊದಲ ಋತುವಿನ ಅಂತಿಮ ಪಂದ್ಯವನ್ನು 2018ರ ಮಾರ್ಚಿಯಲ್ಲಿ ನಮ್ಮ ಕಂಠೀರವದಲ್ಲೇ ಚೆನ್ನೈಗೆ ಬಿಟ್ಟುಕೊಟ್ಟೆವು. ಮರುವರ್ಷ ಮುಂಬಯಿಯಲ್ಲಿ ಗೋವಾ ತಂಡದ ಮೇಲೆ ಹೆಚ್ಚಿನ ಅವಧಿಯ ಕಡೆಗಾಲದಲ್ಲಿ ರಾಹುಲ್ ಭೇಕೆ ತಲೆಗೊಟ್ಟ ಚೆಂಡು ಪ್ರಶಸ್ತಿ ತಂದಿತು. 2022ರಲ್ಲಿ ಡುರಾಂಡ್ ಕಪ್. 2023-24ರಲ್ಲಿ ಹತ್ತನೆಯ ಸ್ಥಾನ. 2025ರ ಏಪ್ರಿಲ್‌ನಲ್ಲಿ ಕಲ್ಕತ್ತೆಯಲ್ಲಿ ಅಂತಿಮ ಪಂದ್ಯ. ಮೊದಲು ಮುಂದಿದ್ದು, ಕೊನೆಗೆ ಅದೇ ಮೋಹನ್ ಬಾಗಾನಿಗೆ 2-1ರಿಂದ ಸೋಲು. ಏರಿದ್ದು ಇಳಿಯುವುದು ಆಟದ ಧರ್ಮ. ಇದನ್ನು ಸಹಿಸಲಾರದವನು ಚದುರಂಗದ ಒಗಟುಗಳನ್ನು ಬಿಡಿಸುತ್ತ ಮನೆಯಲ್ಲಿರುವುದು ಲೇಸು.

ಎರಡನೆಯ ಲೆಕ್ಕ ಹಣದ್ದು. ಇದನ್ನು ಅಭಿಮಾನಿಗಳು ಸಾಮಾನ್ಯವಾಗಿ ನೋಡುವುದಿಲ್ಲ. ನೋಡಬೇಕೆಂದು ಯಾರೂ ಕರೆಯುವುದೂ ಇಲ್ಲ. ತಂಡಕ್ಕೆ ಬರುವ ಹಣ ಟಿಕೆಟ್ಟಿನಿಂದ, ಅಂಗಿಯ ಮೇಲೆ ಹೆಸರು ಬರೆಸುವ ಜಾಹೀರಾತುದಾರರಿಂದ, ಪ್ರಸಾರದ ಹಕ್ಕಿನ ಪಾಲಿನಿಂದ. ಹೋಗುವ ಹಣ ಆಟಗಾರರ ಸಂಬಳಕ್ಕೆ, ಗುವಾಹಟಿಯಿಂದ ಕೊಚ್ಚಿಯವರೆಗಿನ ಪ್ರಯಾಣಕ್ಕೆ, ಮೈದಾನದ ಬಾಡಿಗೆಗೆ, ಎಳೆಯರ ತರಬೇತಿಗೆ. ನಮ್ಮ ದೇಶದಲ್ಲಿ ಈ ಎರಡೂ ಸರಿದೂಗುವುದು ಅಪರೂಪ. ಕೊರತೆಯನ್ನು ತುಂಬುವವನು ಒಡೆಯ. ಒಡೆಯನ ಮನಸ್ಸು ತಿರುಗಿದರೆ?

ಇದು ಬರಿಯ ಊಹೆಯಲ್ಲ. 1996-97ರಲ್ಲಿ ನಡೆದ ಮೊತ್ತಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಗೆದ್ದದ್ದು ಪಂಜಾಬಿನ ಫಗವಾಡಾದ ಜೆ.ಸಿ.ಟಿ. ಗಿರಣಿಯ ತಂಡ. 2011ರಲ್ಲಿ ಆ ತಂಡವನ್ನು ಮುಚ್ಚಿದರು. ಮುಂಬಯಿಯ ಮಹೀಂದ್ರಾ ಯುನೈಟೆಡ್ 2005-06ರಲ್ಲಿ ಲೀಗ್ ಗೆದ್ದಿತು, 2010ರಲ್ಲಿ ಇಲ್ಲವಾಯಿತು. ಗೋವಾದ ಡೆಂಪೊ, ಸಲಗಾಂವ್‌ಕರ್, ಸ್ಪೋರ್ಟಿಂಗ್ ತಂಡಗಳು 2016ರಲ್ಲಿ ಐ-ಲೀಗಿನಿಂದ ಹೊರಬಂದವು. ಅಲ್ಲಿಯೂ ‘ನಾವು’ ಎನ್ನುವ ಜನರಿದ್ದರಲ್ಲವೆ?

ಆಟದ ತವರಾದ ಇಂಗ್ಲೆಂಡಿನಲ್ಲಿ ನಡೆದ ಸಂಗತಿ ಇನ್ನೂ ಕಣ್ತೆರೆಸುವಂಥದು. ಮ್ಯಾಂಚೆಸ್ಟರಿನ ಸಮೀಪದ ಬೆರಿ ಎಂಬ ಊರಿನ ತಂಡ 1885ರಲ್ಲಿ ಹುಟ್ಟಿದ್ದು. 1900 ಮತ್ತು 1903ರಲ್ಲಿ ಎಫ್.ಎ. ಕಪ್ ಗೆದ್ದ ಹಿರಿಮೆ ಅದರದು. 2018ರ ಡಿಸೆಂಬರಿನಲ್ಲಿ ಆ ತಂಡ ಒಂದೇ ಒಂದು ಪೌಂಡಿಗೆ ಕೈಬದಲಾಯಿತು. ಮರುವರ್ಷದ ವಸಂತದಲ್ಲಿ ತಂಡ ಚೆನ್ನಾಗಿ ಆಡಿ ಮೇಲಿನ ವರ್ಗಕ್ಕೆ ಏರಿತು. ಅಭಿಮಾನಿಗಳು ಮೈದಾನಕ್ಕಿಳಿದು ಕುಣಿದರು. ಆಗಸ್ಟಿನಲ್ಲಿ, ಸಾಲ ತೀರಿಸುವ ಹಣಕ್ಕೆ ಸರಿಯಾದ ಆಧಾರ ತೋರಿಸಲಾಗದೆ, ತಂಡವನ್ನು ಲೀಗಿನಿಂದಲೇ ಹೊರಹಾಕಿದರು. ಮೊದಲ ಲೆಕ್ಕದ ಪುಟದಲ್ಲಿ ಗೆಲುವು, ಎರಡನೆಯದರಲ್ಲಿ ದಿವಾಳಿ. ಮೊದಲನೆಯದನ್ನಷ್ಟೇ ಓದಿದವರಿಗೆ ಎರಡನೆಯದು ಸಿಡಿಲಿನಂತೆ ಬಂದಿತು.

ಆದರೆ ಬೆರಿಯ ಜನ ಅಳುತ್ತ ಕೂಡಲಿಲ್ಲ. ತಾವೇ ಸಂಘ ಕಟ್ಟಿದರು. ಕೆಳಗಿನ ಮೆಟ್ಟಿಲಿನಿಂದ ಹೊಸ ತಂಡವನ್ನು ಆಡಿಸಿದರು. ತಮ್ಮಲ್ಲಿದ್ದ ಎರಡು ಪಂಗಡಗಳನ್ನು ಮತದಾನದಿಂದ ಒಂದು ಮಾಡಿದರು. 2023ರಲ್ಲಿ ‘ಗಿಗ್ ಲೇನ್’ ಎಂಬ ತಮ್ಮ ಹಳೆಯ ಮೈದಾನಕ್ಕೆ ಮರಳಿದರು. ‘ನಾವು’ ಎಂಬ ಮಾತು ಅಲ್ಲಿ ಬರಿಯ ಮಾತಾಗಿ ಉಳಿಯಲಿಲ್ಲ.

ಬೆಂಗಳೂರಿಗೂ ಇಂಥ ಗಾಳಿ ತಟ್ಟಿದೆ. ಇಂಡಿಯನ್ ಸೂಪರ್ ಲೀಗನ್ನು ನಡೆಸುವ ಹಕ್ಕಿನ ಒಪ್ಪಂದ 2010ರದು. ಹದಿನೈದು ವರ್ಷದ ಅದರ ಅವಧಿ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದಿನ ಏರ್ಪಾಡು ಇತ್ಯರ್ಥವಾಗದ ಕಾರಣ ಜುಲೈನಲ್ಲೇ ಲೀಗನ್ನು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ದರ್ಜೆಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ವರ್ಷ ಮುಗಿಯುವವರೆಗೂ ಲೀಗಿನ ಒಂದು ಪಂದ್ಯವೂ ನಡೆಯಲಿಲ್ಲ. ಏಪ್ರಿಲ್‌ನಲ್ಲಿ ಪ್ರಶಸ್ತಿಯ ಹೊಸ್ತಿಲಲ್ಲಿದ್ದ ತಂಡದ ಮುಂದೆ ಆಗಸ್ಟಿನಲ್ಲಿ ಆಡಲು ಲೀಗೇ ಇರಲಿಲ್ಲ!

ಇನ್ನು ಮೂರನೆಯ ಲೆಕ್ಕ. ನನ್ನ ಎಣಿಕೆಯಲ್ಲಿ ಇದೇ ಮುಖ್ಯವಾದದ್ದು. ಪಂದ್ಯದ ಸಂಜೆ ಕಂಠೀರವಕ್ಕೆ ಹೋಗಿ ನೋಡಿ. ಕಬ್ಬನ್ ಪಾರ್ಕಿನ ಮೆಟ್ರೋ ನಿಲ್ದಾಣದಿಂದ ನೀಲಿ ಅಂಗಿಯವರು ಮೇಲೇರಿ ಬರುತ್ತಾರೆ. ತಂದೆಯ ಹೆಗಲ ಮೇಲೆ ಮಗು, ಕಾಲೇಜಿನ ಹುಡುಗಿಯರು, ಮೂರು ದಶಕ ಸಂತೋಷ್ ಟ್ರೋಫಿ ನೋಡಿದ ಹಿರಿಯರು. ಪಶ್ಚಿಮದ ಗ್ಯಾಲರಿಯಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ ತಮಟೆ ಬಾರಿಸುತ್ತ ಹಾಡುತ್ತದೆ. ಕನ್ನಡ, ತಮಿಳು, ಮಲೆಯಾಳ, ಇಂಗ್ಲಿಷುಗಳು ಅಲ್ಲಿ ಒಂದೇ ಕೊರಳಿನಲ್ಲಿ ಕಲೆಯುತ್ತವೆ. ಕೇರಳದ ತಂಡ ಬಂದ ದಿನವಂತೂ ಒಂದು ಕಡೆ ನೀಲಿ, ಒಂದು ಕಡೆ ಹಳದಿ. ಊರೇ ಎರಡು ಬಣ್ಣವಾದ ಹಾಗೆ.

ಕೊರತೆಗಳೂ ಉಂಟು. ಕ್ರೀಡಾಂಗಣ ತಂಡದ ಸ್ವಂತದ್ದಲ್ಲ, ಸರ್ಕಾರದ್ದು. ಅದನ್ನು ಕಟ್ಟಿದ್ದು ಓಟದ ಸ್ಪರ್ಧೆಗಳಿಗೂ ಸೇರಿಸಿ. ಆದ್ದರಿಂದ ಪ್ರೇಕ್ಷಕನಿಗೂ ಆಟಕ್ಕೂ ನಡುವೆ ಓಟದ ಹಾದಿ ಅಡ್ಡವಾಗಿದೆ. ಅಲ್ಲಿ ಅಭ್ಯಾಸ ಮಾಡುವ ಓಟಗಾರರಿಗೂ ಅದರ ಮೇಲೆ ನ್ಯಾಯವಾದ ಹಕ್ಕಿದೆ ಎಂಬುದನ್ನು ಚೆಂಡಾಟದ ಅಭಿಮಾನಿ ಮರೆಯಬಾರದು. ಮನೆಯಲ್ಲಿ ಕುಳಿತರೆ ಪರದೆಯ ಮೇಲೆ ಆಟ ಇದಕ್ಕಿಂತ ಹತ್ತಿರವಾಗಿ ಕಾಣುತ್ತದೆ, ನಿಜ. ಆದರೆ ಖಾಲಿ ಗ್ಯಾಲರಿಯ ಮುಂದೆ ಯಾವ ತಂಡವೂ ಬಹುಕಾಲ ಬದುಕಲಾರದು.

2018ರ ಜೂನ್ ತಿಂಗಳ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ಮುಂಬಯಿಯಲ್ಲಿ ಭಾರತ ತಂಡ ಚೀನಿ ತೈಪೆಯನ್ನು ಐದು ಗೋಲುಗಳಿಂದ ಸೋಲಿಸಿತು. ಛೆಟ್ರಿಯೊಬ್ಬರೇ ಮೂರು ಗೋಲು ಹೊಡೆದರು. ನೋಡಲು ಬಂದಿದ್ದವರು ಸುಮಾರು ಎರಡೂವರೆ ಸಾವಿರ ಮಂದಿ. ಮರುದಿನ ಛೆಟ್ರಿ ದೇಶದ ಜನಕ್ಕೆ ಒಂದು ಬಿನ್ನಹ ಮಾಡಿಕೊಂಡರು: ಬೈಯುವುದಾದರೂ ಮೈದಾನಕ್ಕೆ ಬಂದು ಬೈಯಿರಿ ಎಂಬುದು ಅದರ ಸಾರ. ಎರಡು ದಿನ ಕಳೆದು ಕೀನ್ಯಾದ ಎದುರು ಆಡುವಾಗ ಕ್ರೀಡಾಂಗಣ ತುಂಬಿತ್ತು. ಜನರಿಗೆ ಆಟದಲ್ಲಿ ಆಸೆಯಿಲ್ಲವೆಂದಲ್ಲ. ತಾವು ಬೇಕಾದವರೆಂಬುದು ಅವರಿಗೆ ತಿಳಿದಿರಲಿಲ್ಲ.

ಹಾಗಾದರೆ ಅಭಿಮಾನಿಯ ಪಾಲೆಷ್ಟು? ಕಾಗದದ ಮೇಲೆ ಏನೂ ಇಲ್ಲ. ಜರ್ಮನಿಯ ಬಹುಪಾಲು ತಂಡಗಳಲ್ಲಿ ಮತದ ಅರ್ಧಕ್ಕಿಂತ ಹೆಚ್ಚಿನ ಭಾಗ ಸದಸ್ಯರ ಸಂಘದ ಕೈಯಲ್ಲಿರಬೇಕೆಂಬ ನಿಯಮವುಂಟು. ನಮ್ಮಲ್ಲಿ ಹಾಗಿಲ್ಲ. ಆದರೂ ಅಭಿಮಾನಿಯ ಕೈಯಲ್ಲಿ ಮೂರು ಕೆಲಸಗಳಿವೆ. ಸೋತ ವಾರವೂ ಮೈದಾನಕ್ಕೆ ಹೋಗುವುದು ಒಂದು. ತಂಡದ ಹಣ ಎಲ್ಲಿಂದ ಬರುತ್ತದೆ, ಎಷ್ಟು ದಿನ ಬರುತ್ತದೆ ಎಂದು ಸಂಘವಾಗಿ ಕೇಳುವುದು ಎರಡು. ತನ್ನ ಮೊಹಲ್ಲದ ಮೈದಾನದಲ್ಲಿ ಚೆಂಡು ಒದೆಯುವ ಹುಡುಗರ ಆಟವನ್ನೂ ಒಮ್ಮೊಮ್ಮೆ ನಿಂತು ನೋಡುವುದು ಮೂರು. ಏಕೆಂದರೆ ದೊಡ್ಡ ತಂಡದ ಬೇರು ಅಲ್ಲಿದೆ.

ಒಡೆಯರು ಬದಲಾಗಬಹುದು, ಲೀಗಿನ ಹೆಸರು ಬದಲಾಗಬಹುದು. ಬೆಂಗಳೂರು ಮುಸ್ಲಿಮ್ಸ್ ತಂಡವನ್ನು ಮೈಮರೆತು ನೋಡಿದವರ ಮೊಮ್ಮಕ್ಕಳು ಇಂದು ನೀಲಿ ಅಂಗಿ ತೊಟ್ಟಿದ್ದಾರೆ. ಮುಂದಿನ ಪಂದ್ಯದ ದಿನ ಮನೆಮಂದಿಯನ್ನು ಕರೆದುಕೊಂಡು ಹೊರಡಿ. ಸಂಜೆಯಾದ ಮೇಲೆ ಚಳಿ ಬೀಳುತ್ತದೆ. ಮಕ್ಕಳಿಗೆ ಸ್ವೆಟರು ಮರೆಯಬೇಡಿ.